ಹಳೆಯ ಡಿಸ್ಕಿನ ಲಗ್ನಪತ್ರಿಕೆ

ನನ್ನ ಗಂಡ ತೀರಿಕೊಂಡ ಮೇಲೆ ಚಿಕ್ಕೋಡಿಯ ನಮ್ಮ ಅಂಗಡಿಗೆ ಬೀಗ ಬಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ, ಹಿಟ್ಟಿನ ಗಿರಣಿಯ ಪಕ್ಕದ ಒಂದು ಸಣ್ಣ ಕೋಣೆ ಅದು. ಲಗ್ನಪತ್ರಿಕೆ, ಪುಣ್ಯತಿಥಿಯ ಕಾರ್ಡು, ಯಡೂರಿನ ಜಾತ್ರೆಯ ಕರಪತ್ರ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಕಂಪ್ಯೂಟರಿನಲ್ಲಿ ಜೋಡಿಸಿ ಕೊಡುವುದು ಅವರ ಉದ್ಯೋಗ. ಇಡೀ ಊರಲ್ಲಿ ಕಂಪ್ಯೂಟರ್ ಇಡಲು ಗಿರಣಿಯ ಪಕ್ಕದ ಜಾಗವೇ ಸಿಕ್ಕಿತೇ ಎಂದು ನಾನು ಅವರನ್ನು ಆಗಾಗ ಕಾಡುತ್ತಿದ್ದೆ. ಗಿರಾಕಿಗಳೆಲ್ಲ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಗುಡಿಯೊಳಗೆ ಬಂದಂತೆ ಬರುತ್ತಿದ್ದರು. ಗಿರಣಿಯ ಹಿಟ್ಟು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು.

ಕಾಮಾಲೆ ಅವರನ್ನು ಒಯ್ದಿತು. ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ವಾಪಸ್ಸು ತಂದೆವು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ, ಹೆಚ್ಚು ಬರೆಯಲು ನನಗೆ ನೆನಪೇ ಇಲ್ಲ. ಆ ದಿನಗಳ ನೆನಪು ನನ್ನಲ್ಲಿ ಒದ್ದೆ ಗೋಡೆಯಂತೆ ಇದೆ, ಏನೂ ಅಂಟಿಕೊಂಡಿಲ್ಲ. ನೆನಪಿರುವುದು ಇಷ್ಟೇ: ನನಗೆ ಅಳು ಬರಲಿಲ್ಲ. ಮಾತನಾಡಿಸಲು ಬಂದ ಹೆಂಗಸರು ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದರು, ಹಾಲು ಯಾವಾಗ ಉಕ್ಕುತ್ತದೆ ಎಂದು ಒಲೆಯ ಮುಂದೆ ಕೂತಂತೆ. "ಅತ್ತಬಿಡವಾ, ಹಗರಾಗತೈತಿ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಆ ಸಿಟ್ಟೂ ಬರುವುದು ನಿಂತಿತು. ಸಾರಿಗೆ ಉಪ್ಪು ಹಾಕಿದ್ದೇನೆಯೋ ಇಲ್ಲವೋ ತಿಂದರೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಏಳುತ್ತಿದ್ದೆ, ಕಸ ಹೊಡೆಯುತ್ತಿದ್ದೆ, ಅತ್ತೆಗೆ ಚಹಾ ಕೊಡುತ್ತಿದ್ದೆ. ನಾನು ಮಾಡುತ್ತಿದ್ದೇನೆ ಎನ್ನುವುದಕ್ಕಿಂತ ಕೈಗಳು ಮಾಡುತ್ತಿದ್ದವು ಎಂದರೆ ಸರಿ.

ಕಬ್ಬಿನ ಕಟಾವು ಮುಗಿಯುವ ಹೊತ್ತಿಗೆ ನನ್ನ ಮೈದುನ ಅಂಗಡಿಯ ಮಾತು ತೆಗೆದ. ಅವನು ಹೊಲ ನೋಡಿಕೊಳ್ಳುವವನು, ಕಂಪ್ಯೂಟರಿನ ಕಡೆ ತಲೆ ಹಾಕಿದವನಲ್ಲ.

"ವೈನಿ, ಲಗ್ನದ ಸೀಜನ್ ಬಂತು. ಗಿರಾಕಿ ಮನೀಗೇ ಬಂದು ಕೇಳಾಕತ್ತಾರ. ನಿಮಗ ಟೈಪಿಂಗ್ ಬರತೈತಿ. ಅಂಗಡಿ ತಗೀರಿ" ಎಂದ.

"ಆ ಹಳೇದು ಚಾಲೂ ಆಗತೈತೋ ಇಲ್ಲೋ" ಎಂದೆ.

"ಅದನ್ನ ಕೊಟ್ಟು ಹೊಸಾದ ತರೂಣು. ನಿಪ್ಪಾಣ್ಯಾಗಿನ ಇಂಜಿನಿಯರ್‌ಗೆ ಹೇಳೇನಿ. ಅಣ್ಣಾಂದು ಅವಂದು ಗುರ್ತು ಐತಿ. ಹಳೇ ಡಿಸ್ಕಿನ್ಯಾಗ ಏನೈತಿ ಅದನ್ನೆಲ್ಲ ಹೊಸಾದ್ರಾಗ ಹಾಕಿ, ಹಳೇದು ಅವನೇ ಒಯ್ಯತಾನ."

ಆಗಲಿ ಎಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಆಗಲಿ ಎನ್ನುತ್ತಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಮಾತ್ರ ಹೊಳೆಯಿತು, ಆ ಡಿಸ್ಕಿನಲ್ಲಿ ನಮ್ಮ ಲಗ್ನಪತ್ರಿಕೆ ಇದೆ ಎಂದು.

ಅವರು ಕೊಲ್ಲಾಪುರದಲ್ಲಿ ಕೆಲಸ ಕಲಿತು ಕಂಪ್ಯೂಟರ್ ತಂದಿದ್ದು ನಮ್ಮ ನಿಶ್ಚಿತಾರ್ಥವಾದ ದಿನಗಳಲ್ಲೇ. ಅದರಲ್ಲಿ ಮಾಡಿದ ಮೊದಲ ಕೆಲಸ ತಮ್ಮದೇ ಲಗ್ನಪತ್ರಿಕೆ. ನನ್ನ ತವರು ರಾಯಬಾಗದ ಕಡೆ. ಅಲ್ಲಿ ನಮ್ಮಪ್ಪ ಹಳೆಯ ಪ್ರೆಸ್ಸಿನಲ್ಲಿ, ಮೊಳೆ ಅಕ್ಷರಗಳಲ್ಲಿ, ಕೆಂಪು ಮಸಿಯಲ್ಲಿ ಒಂದು ಪತ್ರಿಕೆ ಮಾಡಿಸಿದ್ದರು. ಅದರಲ್ಲಿ ಹಿರಿಯರ ಹೆಸರುಗಳೇ ಅರ್ಧ ಹಾಳೆ. ಗಂಡಿನ ಕಡೆಯ ಪತ್ರಿಕೆ ಹಾಗಿರಲಿಲ್ಲ. ನಮ್ಮ ಕಡೆ ಪತ್ರಿಕೆಯ ಕೆಳಗೆ ಮಕ್ಕಳ ಬಾಯಲ್ಲಿ ಒಂದು ಮಾತು ಹಾಕುವ ಪದ್ಧತಿ ಇದೆ. ನಮ್ಮ ಮಾಮಾನ ಲಗ್ನಕ್ಕೆ ಜರೂರ್ ಬರ್ರಿ, ನಮ್ಮ ಅಕ್ಕನ ಲಗ್ನಕ್ಕೆ ತಪ್ಪಸಬ್ಯಾಡ್ರಿ, ಇಂಥದ್ದು. ಮರಾಠಿ ಪತ್ರಿಕೆಗಳಿಂದ ಬಂದದ್ದಿರಬೇಕು. ಮಕ್ಕಳ ಹೆಸರಿನಲ್ಲಿ ದೊಡ್ಡವರೇ ಬರೆಯುತ್ತಾರೆ, ಎಲ್ಲವೂ ಒಂದೇ ನಮೂನೆ ಇರುತ್ತವೆ.

ಇವರು ಹಾಗೆ ಮಾಡಲಿಲ್ಲ. ಇವರ ಅಣ್ಣನ ಮಗಳು, ಆಗಿನ್ನೂ ಸರಿಯಾಗಿ ಮಾತು ಬಾರದ ಹುಡುಗಿ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀನೇ ಹೇಳು ಎಂದರಂತೆ. ಅವಳು ಹೇಳಿದ್ದನ್ನು ಒಂದಕ್ಷರ ಬದಲಿಸದೆ ಟೈಪು ಮಾಡಿದರು: "ನಮ್ಮ ಕಾಕಾನ ಲಗ್ನಕ್ಕ ಎಲ್ಲಾರೂ ಬರ್ರಿ. ಬುಂದೆ ನಾ ಮೊದಲ ತಿಂತೀನಿ, ಉಳದದ್ದು ನಿಮಗ."

ಇದರ ಮೇಲೆ ಎರಡೂ ಮನೆಗಳಲ್ಲಿ ರಾಮಾಯಣವಾಯಿತು. ಬೀಗರನ್ನು ಉಳಿದದ್ದು ತಿನ್ನಲು ಕರೆಯುತ್ತಾರೆಯೇ ಎಂದು ನಮ್ಮ ಮಾವ ಹಾರಾಡಿದರು. ರಾಯಬಾಗದಲ್ಲಿ ನಮ್ಮಪ್ಪ ಪತ್ರಿಕೆ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿ, "ಇವಗ ಹೆಣ್ಣು ಕೊಡಬೇಕೋ ಬ್ಯಾಡೋ ಇನ್ನೊಮ್ಮಿ ವಿಚಾರ ಮಾಡೂಣು" ಎಂದರು. ಆಮೇಲೆ ಅವರೇ ಮೊದಲು ನಕ್ಕರು. ನಾನು ಒಳಗೆ ಅಡುಗೆಮನೆಯಲ್ಲಿ ಆ ಸಾಲನ್ನು ಓದಿ, ಈ ಮನುಷ್ಯನ ಜೊತೆ ಇರಬಹುದು ಎಂದುಕೊಂಡೆ. ಅಷ್ಟು ಹೊತ್ತಿಗೆ ನಾನು ಅವರನ್ನು ಒಮ್ಮೆ ನೋಡಿದ್ದೆ, ಅದೂ ಚಹಾದ ತಾಟು ಹಿಡಿದು.

ಆ ಪತ್ರಿಕೆಯ ಒಂದು ಪ್ರತಿಯನ್ನು ನನ್ನ ಟ್ರಂಕಿನಲ್ಲಿ ಇಟ್ಟಿದ್ದೆ. ಅವರು ಹೋದ ಮೇಲೆ ಅತ್ತೆ ಮಗನ ಬಟ್ಟೆ, ಕಾಗದ, ಚಪ್ಪಲಿ ಎಲ್ಲವನ್ನೂ ಗಂಟು ಕಟ್ಟಿ ಮನೆಯಿಂದ ಹೊರಗೆ ಹಾಕಿಸಿದರು. ಪತ್ರಿಕೆಯೂ ಅದರಲ್ಲಿ ಹೋಯಿತು. ಕೇಳಿದಾಗ, "ನೋಡಿದ್ರ ಕರುಳ ಕಿತ್ತ ಬರತೈತಿ, ಅದಕ್ಕ ಹಾಕಿಸಿದೆ" ಎಂದರು. ಕಳೆದುಕೊಂಡವರು ಅವರೂ ಹೌದು, ಏನು ಹೇಳಲಿ? ರಾಯಬಾಗಕ್ಕೆ ಹೇಳಿ ಕಳಿಸಿದೆ, ಅಲ್ಲಿ ಯಾರೂ ಇಟ್ಟಿರಲಿಲ್ಲ. ಲಗ್ನ ಮುಗಿದ ಮೇಲೆ ಲಗ್ನಪತ್ರಿಕೆಯನ್ನು ಯಾರು ಇಡುತ್ತಾರೆ?

ಹಾಗಾಗಿ ಅದು ಉಳಿದಿದ್ದರೆ ಆ ಡಿಸ್ಕಿನಲ್ಲಿ. ಡಿಸ್ಕು ನಿಪ್ಪಾಣಿಗೆ ಹೋದರೆ ಅದೂ ಹೋಯಿತು.

ಇಂಜಿನಿಯರ್ ಹೊಸ ಕಂಪ್ಯೂಟರಿನ ದೊಡ್ಡ ಪೆಟ್ಟಿಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ನಿಪ್ಪಾಣಿಯವರೆಲ್ಲರ ಹಾಗೆ ಅವನ ಮಾತಿನಲ್ಲಿ ಮರಾಠಿ ಯಾವುದು ಕನ್ನಡ ಯಾವುದು ಎಂದು ಅವನಿಗೇ ಗೊತ್ತಿರಲಿಲ್ಲ. ಮೈದುನ ಬೀಗ ತೆಗೆದ. ಹಳೆಯ ಕಂಪ್ಯೂಟರಿನ ಮೇಲೆ ನಾನೇ ಹೊಲಿದ ಹೂವಿನ ಬಟ್ಟೆಯ ಗವಸು ಇತ್ತು, ಅದರ ಮೇಲೆ ಹಿಟ್ಟು ಬೆರಳು ಮುಳುಗುವಷ್ಟು ಕೂತಿತ್ತು. ನನಗೆ ಏನಾದರೂ ಆಗುತ್ತದೆಂದು ಮೈದುನ ನನ್ನ ಮುಖ ನೋಡಿದ. ನಾನು ಕಸಬರಿಗೆ ತೆಗೆದುಕೊಂಡು ಜಾಡಿಸಿದೆ.

"ಮೊದಲ ಲಗ್ನಪತ್ರಿಕೆ ಇದ್ದದ್ದನ್ನ ತಗೀರಿ" ಎಂದು ಇಂಜಿನಿಯರ್‌ಗೆ ಹೇಳಿದೆ. "ಬಾಕಿದ್ದು ಬಂದರ ಬರ್ಲಿ, ಬಿಟ್ಟರ ಬಿಡ್ಲಿ."

"ವೈನಿ, ಥೋಡಾ ಸಮಾಧಾನ. ಮೊದಲ ಇದು ಜೀವಂತ ಐತೋ ಇಲ್ಲೋ ಬಘೂಣು" ಎಂದ. ಹಾಗೆಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

ಹಳೆಯ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಒಳಗಿನಿಂದ ಡಿಸ್ಕನ್ನು ಹೊರತೆಗೆದ. ಅಷ್ಟು ವರ್ಷದ ಕೆಲಸವೆಲ್ಲ ಇದ್ದದ್ದು ಎಲೆಅಡಿಕೆ ಡಬ್ಬಿಯಷ್ಟು ದಪ್ಪದ ಒಂದು ಕಬ್ಬಿಣದ ತುಂಡಿನಲ್ಲಿ. ಅದನ್ನು ಹೊಸ ಕಂಪ್ಯೂಟರಿನೊಳಗೆ ಹೊಸ ಡಿಸ್ಕಿನ ಪಕ್ಕದಲ್ಲಿ ಇಟ್ಟು, ಪಟ್ಟಿಯಂಥ ವೈರಿನಿಂದ ಎರಡನ್ನೂ ಜೋಡಿಸಿದ. ಸ್ವಿಚ್ ಒತ್ತಿದ. ಹೊಸದು ಗುಂಯ್ ಎಂದಿತು. ಹಳೆಯದು ಕಟ್ ಎಂದು ಸುಮ್ಮನಾಯಿತು. ಮತ್ತೆ ಒತ್ತಿದ, ಮತ್ತೆ ಕಟ್. ಭಾಳ ದಿನ ಬಂದ್ ಇದ್ದರೆ ಒಳಗಿನ ತಟ್ಟೆ ಹಿಡಿದುಕೊಳ್ಳುತ್ತದೆ ಎಂದ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಅದರ ಪಕ್ಕಕ್ಕೆ ಮೆಲ್ಲಗೆ ಬಡಿದ, ತೆಂಗಿನಕಾಯಿ ಪರೀಕ್ಷೆ ಮಾಡುವವರು ಬಡಿಯುವಂತೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಪಕ್ಕದ ಗಿರಣಿ ನಿಂತಿತು. ಮೂವರೂ ಚಹಾ ತರಿಸಿಕೊಂಡು ಕುಡಿದೆವು, ನಾನು ಸಕ್ಕರೆ ಹೆಚ್ಚೋ ಕಡಿಮೆಯೋ ತಿಳಿಯದೆ ಕುಡಿದೆ.

ಕರೆಂಟ್ ಬಂದ ಮೇಲೆ ಇನ್ನೊಮ್ಮೆ ಬಡಿದಾಗ ಅದು ತಿರುಗಿತು. ಆ ಸದ್ದು ನನಗೆ ಗೊತ್ತಿತ್ತು. ಮಧ್ಯಾಹ್ನ ಅವರಿಗೆ ಬುತ್ತಿ ತಂದಾಗಲೆಲ್ಲ ಕೇಳುತ್ತಿದ್ದ ಸದ್ದು, ಕಾಳು ಹಸನು ಮಾಡುವಾಗ ಮೊರದಲ್ಲಿ ಆಗುವಂಥದ್ದು.

"ಬೇಗ ಬೇಗ ತಗೀತೀನ್ರಿ, ಮತ್ತ ನಿಂತರ ನನ್ನ ಕೈಯಾಗ ಇಲ್ಲ" ಎಂದ ಇಂಜಿನಿಯರ್. ಸ್ವಲ್ಪ ಹೊತ್ತು ಪರದೆಯನ್ನು ನೋಡಿ, "ವೈನಿ, ಲಗ್ನದ್ದು ಒಂದ ಫೈಲ್ ಐತ್ರಿ" ಎಂದ.

"ಒಂದ? ಇಷ್ಟ ವರ್ಷದ ಲಗ್ನಾ ಎಲ್ಲಾ ಒಂದರಾಗ ಹ್ಯಾಂಗ ಬರತಾವ?"

ಅವನು ನನಗೆ ತಿಳಿಯುವಂತೆ ಹೇಳಿದ. ಹಳೆಯ ಡಿಸ್ಕಿನಲ್ಲಿ ಜಾಗ ಕಡಿಮೆ. ಒಂದೊಂದು ಪತ್ರಿಕೆಯನ್ನೂ ಬೇರೆ ಬೇರೆ ಇಡುತ್ತ ಹೋದರೆ ತುಂಬಿಹೋಗುತ್ತದೆ. ಅದಕ್ಕೆ ಅಂಗಡಿಯವರು ಒಂದೇ ಪತ್ರಿಕೆ ಇಟ್ಟುಕೊಂಡು, ಹೊಸ ಗಿರಾಕಿ ಬಂದಾಗ ಅದನ್ನೇ ತೆರೆದು, ಹಳೆಯ ಹೆಸರು ಅಳಿಸಿ ಹೊಸ ಹೆಸರು ಹಾಕಿ, ಮುಹೂರ್ತ ಬದಲಿಸಿ, ಫೈಲನ್ನು ಅದರ ಹಳೆಯ ಹೆಸರಿನಲ್ಲೇ ಮತ್ತೆ ಇಡುತ್ತಾರೆ. "ಉಂಡ ತಾಟ ತೊಳದು ಮತ್ತ ಬಡಿಸಿಧಂಗ್ರಿ. ನಾವೂ ಹಂಗ ಮಾಡ್ತೀವಿ" ಎಂದ.

ಅಂಗಡಿಯಲ್ಲಿ ನಾನು ಕಾಗದದ ಮೇಲಿನ ತಪ್ಪು ತಿದ್ದುತ್ತಿದ್ದೆ, ಅವರಿಲ್ಲದಾಗ ನಾಲ್ಕು ಸಾಲು ಟೈಪು ಮಾಡುತ್ತಿದ್ದೆ. ಇಡುವುದು ತೆಗೆಯುವುದೆಲ್ಲ ಅವರದೇ. ಹಾಗಾಗಿ ಈ ಸುದ್ದಿ ನನಗೆ ಹೊಸದು. ನಮ್ಮ ಲಗ್ನದ ಮೇಲೆ ಇನ್ನೊಬ್ಬರ ಲಗ್ನ, ಅದರ ಮೇಲೆ ಮತ್ತೊಬ್ಬರದು. ನಮ್ಮದು ಅವರ ಮೊದಲ ಗಿರಾಕಿ ಬಂದ ದಿನವೇ ಅಳಿಸಿಹೋಗಿತ್ತು. ನಾನು ಇದ್ದೇ ಇರದ ವಸ್ತುವಿಗೆ ಕಾದು ಕೂತಿದ್ದೆ.

ಆದರೂ ತೆರೆದು ತೋರಿಸಲು ಹೇಳಿದೆ. ಹೊಸ ಪರದೆಯ ಮೇಲೆ ಪತ್ರಿಕೆ ಬಂತು, ಅಕ್ಷರಗಳು ಬರಲಿಲ್ಲ. ಗಣಪತಿಯ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರ, ಕೊಕ್ಕೆ, ಪ್ರಶ್ನೆಯ ಗುರುತು, ಏನೇನೋ ಇರುವೆ ಹರಿದ ಹಾಗೆ. "ಫಾಂಟ್ ಬಂದಿಲ್ರಿ. ಅಕ್ಷರ ಅದಾವ, ಕನ್ನಡ ಇಲ್ಲ" ಎಂದು ಮತ್ತೆ ಹಳೆಯ ಡಿಸ್ಕಿನ ಕಡೆ ತಿರುಗಿದ. ಕನ್ನಡ ಬರುವಷ್ಟರಲ್ಲಿ ಡಿಸ್ಕು ಎರಡು ಸಲ ತಡವರಿಸಿತು. ಮೈದುನ ಉಗುರು ಕಚ್ಚುತ್ತಿದ್ದ. ನಾನು ಬಾಗಿಲ ಹೊರಗೆ ಗಿರಣಿಗೆ ಜೋಳ ತಂದವರ ಸಾಲು ನೋಡುತ್ತ ಕೂತಿದ್ದೆ.

ಕೊನೆಗೆ ಕನ್ನಡ ಬಂತು. ತೆಲಸಂಗದ ಕಡೆಯ ಯಾರದೋ ಮನೆಯ ಮದುವೆ. ಅವರು ಜ್ವರದಲ್ಲೇ ಕೂತು ಮಾಡಿಕೊಟ್ಟ ಕೊನೆಯ ಕೆಲಸ. ವರ, ವಧು, ಹಿರಿಯರು, ಅಕ್ಕಿಕಾಳು ಹಾಕುವ ಮುಹೂರ್ತದ ಹೊತ್ತು, ಎಲ್ಲ ಸರಿಯಾಗಿ ಇತ್ತು. ಕೆಳಗೆ ಮಕ್ಕಳ ಮಾತು, ಎಲ್ಲರೂ ಹಾಕಿಸುವಂಥದ್ದು. ಓದಿದೆ. ನನಗೆ ಏನೂ ಅನ್ನಿಸಲಿಲ್ಲ. ನಿರಾಶೆ ಎಂದು ಬರೆದರೆ ಸುಳ್ಳಾಗುತ್ತದೆ, ನಿರಾಶೆಯಾಗಲು ಒಳಗೆ ಯಾರಾದರೂ ಇರಬೇಕಲ್ಲ.

"ಎಲ್ಲಾ ಅಕ್ಷರ ಬರೋಬರಿ ಬಂದಾವೇನು ಒಮ್ಮಿ ಬಘ್ರಿ" ಎನ್ನುತ್ತ ಇಂಜಿನಿಯರ್ ಇಡೀ ಹಾಳೆ ಕಾಣುವಂತೆ ಚಿತ್ರವನ್ನು ಸಣ್ಣದು ಮಾಡಿದ. ಆ ಕಂಪ್ಯೂಟರಿನ ಕೆಲಸ ಗೊತ್ತಿಲ್ಲದವರಿಗೆ ಹೇಳಬೇಕು: ಪರದೆಯ ಮೇಲೆ ಪತ್ರಿಕೆಯ ಹಾಳೆ ಮೇಜಿನ ಮೇಲೆ ಇಟ್ಟ ಹಾಗೆ ಕಾಣುತ್ತದೆ. ಸದ್ಯಕ್ಕೆ ಬೇಡವಾದದ್ದನ್ನು ಹಾಳೆಯಿಂದ ಎಳೆದು ಪಕ್ಕದ ಖಾಲಿ ಜಾಗದಲ್ಲಿ ಬಿಡಬಹುದು. ಅಲ್ಲಿದ್ದದ್ದು ಅಚ್ಚಾಗುವುದಿಲ್ಲ, ಅಳಿಸಿಹೋಗುವುದೂ ಇಲ್ಲ. ಫೈಲಿನ ಜೊತೆಗೇ ಇರುತ್ತದೆ.

ತೆಲಸಂಗದ ಮದುವೆಯ ಬಲಕ್ಕೆ, ಹಾಳೆಯ ಹೊರಗೆ, ಅಂಥ ಚೂರುಪಾರು ಬಿದ್ದಿತ್ತು. ಒಂದು ಕಳಶ, ಅರ್ಧ ರಂಗೋಲಿ, ಉಡುಗೊರೆ ಒಲ್ಲೆವೆನ್ನುವ, ಆಮೇಲೆ ಯಾರೋ ತೆಗೆಸಿದ "ಆಹೇರ ಸ್ವೀಕರಿಸುವುದಿಲ್ಲ" ಎಂಬ ಸಾಲು. ಇವೆಲ್ಲಕ್ಕಿಂತ ಕೆಳಗೆ ಮೂಲೆಯಲ್ಲಿ, ಇನ್ನೊಂದು ಸಾಲು.

"ನಮ್ಮ ಕಾಕಾನ ಲಗ್ನಕ್ಕ ಎಲ್ಲಾರೂ ಬರ್ರಿ. ಬುಂದೆ ನಾ ಮೊದಲ ತಿಂತೀನಿ, ಉಳದದ್ದು ನಿಮಗ."

ಇದು ಅಲ್ಲಿಗೆ ಹೇಗೆ ಬಂತು ಎಂದು ನನಗೆ ತಕ್ಷಣ ತಿಳಿಯಿತು. ನಮ್ಮ ಲಗ್ನದ ಮುಂದಿನ ಸೀಜನ್ನಿನಲ್ಲಿ, ಬೀಗರ ಕಡೆಯವರು ಯಾರೋ ಮನೆಗೆ ಪತ್ರಿಕೆ ಕೊಡಲು ಬಂದಿದ್ದರು. ನೋಡಿದರೆ ಕೆಳಗೆ ಇದೇ ಸಾಲು, ಕಾಕಾ ಹೋಗಿ ಅಲ್ಲಿ ಅಕ್ಕ ಬಂದಿದ್ದಳು. ನಮ್ಮ ಪತ್ರಿಕೆ ಮೆಚ್ಚಿದವರು ತಮಗೂ ಅದೇ ಬೇಕೆಂದಿದ್ದರು, ಇವರು ಹಾಕಿಕೊಟ್ಟಿದ್ದರು. ಅಂದು ರಾತ್ರಿ ಊಟಕ್ಕೆ ಕೂತ ಇವರನ್ನು, ಬಡಿಸುವ ಚಮಚ ಕೈಯಲ್ಲಿ ಹಿಡಿದೇ ತರಾಟೆಗೆ ತೆಗೆದುಕೊಂಡೆ.

"ಅದು ನಮ್ಮದು. ಊರಿಗೆಲ್ಲಾ ಹಂಚಾಕ ಅದೇನ ಬುಂದೆ ಏನ?" ಎಂದೆ.

"ಛಲೋ ಐತಿ ಅಂತ ಕೇಳಿದ್ರು, ಕೊಟ್ಟೆ. ಸವದ ಹೋಗತೈತೇನ?" ಎಂದು ನಕ್ಕರು.

"ಹೋಗತೈತಿ. ಇನ್ನ ಯಾರಿಗೂ ಕೊಡಬ್ಯಾಡ್ರಿ."

"ಆತ್ ಮಾರಾಯ್ತಿ, ತಗದಬಿಡ್ತೀನಿ. ಮೊದಲ ಪಲ್ಯಾ ಹಾಕು" ಎಂದರು.

ಅದರ ನಂತರ ಆ ಸಾಲು ಯಾರ ಪತ್ರಿಕೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಳಿಸಿದ್ದಾರೆ ಎಂದುಕೊಂಡಿದ್ದೆ, ಜಗಳವನ್ನೂ ಮರೆತಿದ್ದೆ. ಅವರು ಅಳಿಸಿರಲಿಲ್ಲ. ಕಾಕಾನನ್ನು ಮತ್ತೆ ಅವನ ಜಾಗದಲ್ಲಿ ಕೂರಿಸಿ, ಹಾಳೆಯಿಂದ ಎಳೆದು ಪಕ್ಕಕ್ಕೆ ಇಟ್ಟಿದ್ದರು. ಒಳಗೆ ಎಷ್ಟು ಜನರ ಲಗ್ನವಾದರೂ ಅದು ಹೊರಗೆ ಹಾಗೇ ಇತ್ತು.

"ಇದೆಲ್ಲಾ ವೇಸ್ಟ್ ಐತ್ರಿ, ಹೊರಗ ಬಿದ್ದದ್ದು. ಅಳಸಿ ಸ್ವಚ್ಛ ಮಾಡಲೇನ್ರಿ?" ಎಂದ ಇಂಜಿನಿಯರ್.

"ಕೈ ಹಚ್ಚಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ಜೋರೆನಿಸಿತು. ಅವನು ಮೌಸಿನಿಂದ ಕೈ ತೆಗೆದ. ಮೈದುನ ಬಗ್ಗಿ ಪರದೆ ಓದಿದ, ಓದಿ ಹೊರಗೆ ಹೋಗಿ ನಿಂತ. ಅವನ ಭುಜ ಅಲುಗುವುದು ಕಾಣುತ್ತಿತ್ತು. ನಾನು ಒಣಗಿದ ಕಣ್ಣಲ್ಲೇ ಕೂತಿದ್ದೆ, ಇದಕ್ಕೂ ಅಳು ಬರದಿದ್ದರೆ ಇನ್ನು ಬರುವುದೇ ಇಲ್ಲವೇನೋ ಎಂದು ಮೊದಲ ಸಲ ಹೆದರಿಕೆಯಾಯಿತು. ಸಂಜೆ ಇಂಜಿನಿಯರ್ ಹಳೆಯ ಕಂಪ್ಯೂಟರನ್ನು ಡಿಸ್ಕಿನ ಸಮೇತ ಟೆಂಪೋದಲ್ಲಿ ಹಾಕಿಕೊಂಡು ಹೋದ. ಹೂವಿನ ಗವಸನ್ನು ಹೊಸದಕ್ಕೆ ಹಾಕಿ ನೋಡಿದೆ, ಅದು ಸಾಲಲಿಲ್ಲ.

ಅಂಗಡಿ ತೆರೆದ ಮೇಲೆ ಗಿರಾಕಿಗಳು ಒಮ್ಮೆಗೇ ಬರಲಿಲ್ಲ. ಲಗ್ನಪತ್ರಿಕೆಯ ಕೆಲಸವನ್ನು ಗಂಡನಿಲ್ಲದವಳ ಕೈಗೆ ಕೊಡಲು ಕೆಲವರಿಗೆ ಮನಸ್ಸು ಬರುತ್ತಿರಲಿಲ್ಲ. ಬಾಗಿಲವರೆಗೆ ಬಂದು, ನನ್ನ ಹಣೆ ನೋಡಿ, ನಾಳೆ ಬರುತ್ತೇವೆ ಎಂದು ಹೋಗುತ್ತಿದ್ದರು. ಅವರ ನಾಳೆ ಯಾವುದು ಎಂದು ನನಗೂ ತಿಳಿಯುತ್ತಿತ್ತು. ಹೋಗಲಿ ಬಿಡು ಎಂದುಕೊಳ್ಳುತ್ತಿದ್ದೆ.

ನಾಳೆ ಎನ್ನದೆ ಮೊದಲು ಒಳಗೆ ಬಂದು ಕೂತವರು ಶಿರಗುಪ್ಪಿಯ ಒಬ್ಬ ಹಿರಿಯರು. ಬಿಳಿ ಟೋಪಿ, ಕಬ್ಬಿನ ಹೊಲದ ಮನುಷ್ಯ, ಜೈನರು. ಮಗಳ ಲಗ್ನ. ಹೆಸರುಗಳನ್ನೆಲ್ಲ ಬರೆದು ತಂದಿದ್ದರು. ನಾನು ಟೈಪು ಮಾಡುತ್ತ ಹೋದೆ. ತೆಲಸಂಗದವರು ಅಳಿಸಿ ಹೋಗಿ ಶಿರಗುಪ್ಪಿಯವರು ಬಂದರು. ಕೆಳಗಿನವರೆಗೆ ಬಂದಾಗ, "ಮಕ್ಕಳ ಮಾತು ಏನ ಹಾಕಲ್ರಿ ಕಾಕಾರ?" ಎಂದು ಕೇಳಿದೆ.

"ನಿಮ್ಮ ಯಜಮಾನ್ರು ಅಂಗಡಿ ತಗದ ಹೊಸದರಾಗ ನಮ್ಮ ಅಣ್ಣನ ಮಗಳ ಲಗ್ನಕ್ಕ ಒಂದ ಹಾಕಿದ್ರು ನೋಡ್ರಿ, ಬುಂದೆ ತಿನ್ನೂದು. ಭಾಳ ಛಲೋ ಇತ್ತು. ಅದನ್ನ ಹಾಕ್ರಿ" ಎಂದರು.

ನನ್ನ ಕೈ ನಿಂತಿತು. ಆ ಸಾಲು ಒಂದು ಗೇಣಿನ ದೂರದಲ್ಲಿ, ಹಾಳೆಯ ಅಂಚಿನ ಆಚೆ ಇತ್ತು. ಎಳೆದು ಒಳಗೆ ಬಿಟ್ಟು ಕಾಕಾನ ಜಾಗಕ್ಕೆ ಅಕ್ಕನನ್ನು ಹಾಕಿದರೆ ಮುಗಿಯಿತು. ಧೈರ್ಯ ಮಾಡಿ ಬಂದ ಮೊದಲ ಗಿರಾಕಿ, ಇಲ್ಲ ಎನ್ನುವ ಹಾಗೂ ಇರಲಿಲ್ಲ.

"ಅದು ಕೊಡೂದಿಲ್ರಿ" ಎಂದೆ.

"ಯಾಕ್ರಿ?"

"ಅದು ನಮ್ಮದು ರಿ" ಎಂದೆ.

ಅಷ್ಟು ಹೇಳಿದ್ದೇ ತಡ, ಬಡಿಸುವ ಚಮಚ, ತಟ್ಟೆಯ ಮುಂದೆ ಕೂತ ಆ ಮನುಷ್ಯ, ಸವೆದು ಹೋಗುತ್ತದೆಯೇ ಎಂದು ನಕ್ಕಿದ್ದು, ಎಲ್ಲ ಒಟ್ಟಿಗೆ ನನ್ನ ಮೇಲೆ ಬಂದು ಬಿದ್ದವು. ಅತ್ತುಬಿಟ್ಟೆ. ಗುರುತಿಲ್ಲದ ಗಿರಾಕಿಯ ಎದುರು, ಹಗಲು ಹೊತ್ತಿನಲ್ಲಿ, ಅಂಗಡಿಯ ಬಾಗಿಲು ತೆರೆದಿರುವಾಗ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಗಿರಣಿಯ ಸದ್ದಿನಲ್ಲಿ ಹೊರಗೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಅವರು ಅಳಬೇಡ ಎನ್ನಲಿಲ್ಲ, ಎದ್ದು ಹೋಗಲೂ ಇಲ್ಲ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ನೆಲ ನೋಡುತ್ತ ಕೂತರು.

ನಾನು ಮುಖ ಒರೆಸಿಕೊಂಡ ಮೇಲೆ ಮೆಲ್ಲಗೆ ಮಾತನಾಡಿದರು.

"ಆತ್ ಬಿಡವಾ. ನಿಮ್ಮದು ನಿಮ್ಮ ಕಡೇನ ಇರ್ಲಿ. ನಮಗ ಬ್ಯಾರೇದೊಂದು ಬರದುಕೊಡು. ಆದ್ರ ಆ ಕಾರ್ಡ್ ಇನ್ನೂ ನಮ್ಮನ್ಯಾಗ ಕಪಾಟಿನ ಬಾಗಲಕ್ಕ ಹಚ್ಚೇವಿ. ಹುಡುಗ್ರು ಓದಿ ಓದಿ ನಗತಾವ. ಅದನ್ನ ಮಾತ್ರ ತಗೀ ಅನಬ್ಯಾಡ."

"ಇರ್ಲಿ ರಿ. ತಗೀಬ್ಯಾಡ್ರಿ" ಎಂದೆ.

ಅವರ ಮನೆಯ ಮಕ್ಕಳ ಬಗ್ಗೆ ಕೇಳಿ ತಿಳಿದುಕೊಂಡು ಬೇರೆ ಒಂದು ಸಾಲು ಬರೆದೆ. ಅಷ್ಟು ಚೆನ್ನಾಗಿ ಬರಲಿಲ್ಲ, ಅವರು ಚೆನ್ನಾಗಿದೆ ಎಂದರು. ಇಡೀ ಹಾಳೆ ಸರಿಯಾಗಿದೆಯೇ ಎಂದು ಒಮ್ಮೆ ಸಣ್ಣದು ಮಾಡಿ ನೋಡಿದೆ, ಪಕ್ಕದ ಮೂಲೆಯನ್ನೂ ನೋಡಿದೆ. ಆಮೇಲೆ ಫೈಲನ್ನು ಅದೇ ಹೆಸರಿನಲ್ಲಿ ಮತ್ತೆ ಇಟ್ಟೆ.